ಅಡವಿಟ್ಟ ಮನೆಯೂ ಕೊಟ್ಟ ಮಾತೂ

ಒಬ್ಬನು ಸಾಲ ತಕ್ಕೊಂಡು ಮನೆ ಕಟ್ಟಿ, ಆ ಮನೆಯನ್ನೇ ಅಡವಿಟ್ಟು, ತನ್ನ ಕೈಯಾರೆ ರುಜು ಹಾಕಿಕೊಟ್ಟ ಮೇಲೆ, ಅವನಿಗೂ ಸಾಲ ಕೊಟ್ಟವರಿಗೂ ನಡುವೆ ಸರಕಾರವು ಬಂದು, ಇದನ್ನು ಮಾಡಬಹುದು, ಅದನ್ನು ಮಾಡಕೂಡದು ಎಂದು ವಿಧಿಸುವದು ನ್ಯಾಯವೋ? ಆಡಿದ ಮಾತನ್ನು ನಡಿಸುವದು ಎಲ್ಲರ ಕರ್ತವ್ಯವಲ್ಲವೇ? ಹೀಗೆಂದು ಕೇಳುವವರ ಪ್ರಶ್ನೆಯನ್ನು ನಾವು ತಳ್ಳಿಬಿಡಬಾರದು. ಯಾಕಂದರೆ ಸಾಲಗಾರನನ್ನು ಕಾಯುವ ಕಾನೂನು ಅವನಿಗೆ ಮಾತು ತಪ್ಪುವದನ್ನು ಕಲಿಸುವದಾದರೆ ಅದು ಉಪಕಾರವಲ್ಲ, ಕೇಡೇ ಸರಿ.

ಆದರೆ ತಿಳಿದು ಆಡಿದ್ದೇ ಮಾತಾಗಿರುತ್ತದೆ. ಸಾಲದ ಪತ್ರದಲ್ಲಿ ಹತ್ತಾರು ಪುಟಗಳಿದ್ದು, ಅವು ಓದಲಾರದ ಭಾಷೆಯಲ್ಲಿದ್ದರೆ, ಸಾಲಗಾರನಿಗೆ ತಿಂಗಳ ಕಂತಿನ ಹೊರತು ಬೇರೇನು ತಿಳಿದೀತು? ಆದದರಿಂದ ರಿಸರ್ವ್ ಬ್ಯಾಂಕು 2024ರಲ್ಲಿ ಒಂದು ವಿಧಿಯನ್ನು ಮಾಡಿತು. ಅದರ ಪ್ರಕಾರ, ಬಡ್ಡಿಯನ್ನೂ ಇತರ ಶುಲ್ಕಗಳನ್ನೂ ಕೂಡಿಸಿ ವರುಷಕ್ಕೆ ಎಷ್ಟು ಬೀಳುವದೆಂಬ ವಿವರಪಟ್ಟಿಯನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು, ಅದನ್ನು ಅವನಿಗೆ ವಿವರಿಸಿ ಹೇಳಬೇಕು. ಇದು ಅವನ ಮಾತನ್ನು ಸಡಿಲಿಸುವದಿಲ್ಲ. ಅದನ್ನು ನಿಜವಾದ ಮಾತನ್ನಾಗಿ ಮಾಡುತ್ತದೆ.

ಇನ್ನು ಬಲದ ವಿಷಯ. ಮೋಶೆಯ ಧರ್ಮಶಾಸ್ತ್ರವು ಒತ್ತೆ ತಕ್ಕೊಳ್ಳುವದನ್ನು ನಿಷೇಧಿಸಲಿಲ್ಲ. ಆದರೆ ಬೀಸುವ ಕಲ್ಲನ್ನು ಒತ್ತೆಯಾಗಿ ತಕ್ಕೊಳ್ಳಬಾರದೆಂದೂ, ಸಾಲ ಕೊಟ್ಟವನು ಸಾಲಗಾರನ ಮನೆಯೊಳಗೆ ಹೋಗದೆ ಹೊರಗೆ ನಿಲ್ಲಬೇಕೆಂದೂ ಅದು ಕಟ್ಟಳೆ ಮಾಡಿತು. ಸಾಲವು ಸಾಲವಾಗಿಯೇ ಉಳಿಯಿತು, ಸಾಲಗಾರನೂ ಮನುಷ್ಯನಾಗಿಯೇ ಉಳಿದನು. ನಮ್ಮ ದೇಶದ ಕಾನೂನಿನಲ್ಲಿಯೂ ಇಂಥ ಎಲ್ಲೆಗಳುಂಟು. ಸಾಲ ತೀರಿಸಿದವನು ಅಡವನ್ನು ಬಿಡಿಸಿಕೊಳ್ಳುವ ಹಕ್ಕು 1882ರ ಸ್ವತ್ತು ವರ್ಗಾವಣೆ ಕಾನೂನಿನಲ್ಲಿದೆ. 2002ರ ಕಾನೂನು ಕೋರ್ಟಿಗೆ ಹೋಗದೆಯೇ ಅಡವಿನ ಮನೆಯನ್ನು ವಶಮಾಡಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟರೂ, ಮೊದಲು 60 ದಿನಗಳ ನೋಟೀಸು ಕೊಡಬೇಕೆಂದು ಹೇಳಿತು. ಆದರೆ ಸಾಲಗಾರನು ನ್ಯಾಯಮಂಡಳಿಗೆ ಮೊರೆಯಿಡುವ ಮುಂಚೆ ಕೇಳಿದ ಬಾಕಿಯಲ್ಲಿ ನೂರಕ್ಕೆ 75 ಪಾಲು ಕಟ್ಟಬೇಕೆಂದೂ ಅದರಲ್ಲಿತ್ತು. ಹಣವಿಲ್ಲದ್ದರಿಂದಲೇ ಮನೆ ಕಳಕೊಳ್ಳುವವನಿಗೆ ಹೀಗೆ ಹೇಳುವದು, ಬಾಗಿಲಿಗೆ ಬೀಗ ಹಾಕಿ ಒಳಗೆ ಬಾ ಎಂದು ಕರೆದ ಹಾಗಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಉಳಿಸಿ, ಈ ನಿಬಂಧನೆಯನ್ನು ರದ್ದುಮಾಡಿತು.

ಋಣ ತೀರಿಸುವವನಿಗೂ ರಕ್ಷಣೆ ಬೇಕು. ಏರಿಳಿಯುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸಿದವನಿಂದ ದಂಡ ತಕ್ಕೊಳ್ಳಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ವಿಧಿಸಿತು. ಸಾಲ ಪೂರಾ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಕ್ಕೆ ಕೊಡಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂದು 2023ರಲ್ಲಿ ಆಜ್ಞಾಪಿಸಿತು. ಮಾತು ನಡಿಸುವದು ಸಾಲಗಾರನೊಬ್ಬನ ಧರ್ಮವಲ್ಲವೆಂದು ಇದರಿಂದ ತಿಳಿಯಬಹುದು.

ಆದಾಗ್ಯೂ ಕಾನೂನು ಮಾಡಲಾರದ್ದೂ ಉಂಟು. ತೀರಿಸುವ ಶಕ್ತಿಯಿದ್ದೂ ನೋಟೀಸಿನ ದಿನಗಳನ್ನು ನುಣುಚಿಕೊಳ್ಳುವದಕ್ಕೆ ಉಪಯೋಗಿಸುವವನು, ನಾಳೆ ಸಾಲ ಕೇಳುವ ನೆರೆಯವನ ಬಾಗಿಲನ್ನು ಮುಚ್ಚುತ್ತಾನೆ. ಸಾಹುಕಾರನಿಗೆ ಅಡವಿನ ಪತ್ರಕ್ಕೆ ಬದಲಾಗಿ ಕ್ರಯಪತ್ರವನ್ನು ಬರಕೊಟ್ಟು, ಸಾಲ ತೀರಿದ ಮೇಲೆ ತಿರಿಗಿ ಬರಕೊಡುವನೆಂಬ ಬಾಯಿಮಾತನ್ನು ನಂಬುವವರೂ ಇದ್ದಾರೆ. ಪತ್ರವೇ ಸುಳ್ಳು ಹೇಳುವಲ್ಲಿ ಕಾನೂನು ಸಾಲಗಾರನನ್ನು ಕಾಯುವದು ಬಹು ಕಷ್ಟ.

ಆದದರಿಂದ ರುಜು ಹಾಕುವ ಮುಂಚೆ ವಿವರಪಟ್ಟಿಯನ್ನು ಕನ್ನಡದಲ್ಲಿ ಕೇಳಿ ತಕ್ಕೊಳ್ಳೋಣ. ಓದುಬಲ್ಲ ಮಗನಿಂದಲೋ ಮಗಳಿಂದಲೋ ಗಟ್ಟಿಯಾಗಿ ಓದಿಸಿ ಕೇಳೋಣ. ಸಲ್ಲಿಸಲಾರದ ಕಂತಿಗೆ ಒಪ್ಪದಿರೋಣ. ಒಪ್ಪಿದ್ದನ್ನು ತಪ್ಪದೆ ಸಲ್ಲಿಸೋಣ. ಸರಕಾರದ ಕಾನೂನು ಬಲವುಳ್ಳವನ ಕೈಯನ್ನು ತಡೆಯಬಲ್ಲದು. ನಮ್ಮ ಮಾತನ್ನು ಕಾಯತಕ್ಕವರು ನಾವೇ.