ಮಸ್ಕಿಯಲ್ಲಿ ಕದಲಿದ್ದು ಯಾರು?

ನಮ್ಮ ಲಿಂಗಸುಗೂರು ಕಡೆಯ ಚಹಾದಂಗಡಿಗಳಲ್ಲಿ ‘ಈ ಸಲ ಯಾರಿಗೆ ವೋಟು?’ ಎಂದು ಕೇಳಿದರೆ ‘ನೋಡೋಣ ಬಿಡ್ರಿ, ಇನ್ನಾ ಟೈಮ್ ಐತಿ’ ಎನ್ನುವವರು ಬಹಳ. ಪಕ್ಷಗಳ ಲೆಕ್ಕದಲ್ಲಿ ಇವರು ಯಾವ ಕಡೆಗೂ ವಾಲದ ಮತದಾರರು. ಇವರನ್ನು ಒಲಿಸಿಕೊಂಡವರಿಗೆ ಗೆಲುವು. ಆದರೆ ಒಲಿಸಿಕೊಳ್ಳುವುದು ಎಂದರೇನು? ಮನವೊಲಿಸುವುದಕ್ಕೂ ಕೊಂಡುಕೊಳ್ಳುವುದಕ್ಕೂ ನಡುವಿನ ಗೆರೆ ಎಲ್ಲಿದೆ?

1957ರಲ್ಲಿ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಒಂದು ಚಿತ್ರ ಕೊಟ್ಟ. ಮತದಾರರು ಎಡದಿಂದ ಬಲಕ್ಕೆ ಒಂದು ಸಾಲಿನಲ್ಲಿ ನಿಂತಿದ್ದಾರೆ. ಎರಡು ಪಕ್ಷಗಳಿದ್ದರೆ, ಹೆಚ್ಚು ಜನ ನಡುವೆ ಇದ್ದಾಗ ಎರಡೂ ನಡುವಿನತ್ತ ಸರಿಯುತ್ತವೆ. ಈ ಚಿತ್ರದಲ್ಲಿ ಪಕ್ಷ ಸರಿಯುವುದು ನಿಲುವಿನಲ್ಲಿ. ನಮ್ಮಲ್ಲಿ ಅಭ್ಯರ್ಥಿಗಳೇ ಸರಿದುಬಿಡುತ್ತಾರೆ.

ಮೊದಲು ಲಿಂಗಸುಗೂರು ತಾಲೂಕಿಗೇ ಸೇರಿದ್ದ ಮಸ್ಕಿಯನ್ನು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. ಮರುವರ್ಷ ಪ್ರತಾಪಗೌಡರು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ತುರ್ವಿಹಾಳರು ಆಮೇಲೆ ಕಾಂಗ್ರೆಸ್ಸಿಗೆ ಬಂದರು. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಅದೇ ಇಬ್ಬರು, ಬಾವುಟಗಳು ಮಾತ್ರ ಅದಲುಬದಲು. ಅಂದಮೇಲೆ ಪಕ್ಷಕ್ಕೆ ಅಂಟಿಕೊಂಡವನು ವ್ಯಕ್ತಿಯನ್ನು ಬಿಡಬೇಕು, ವ್ಯಕ್ತಿಗೆ ಅಂಟಿಕೊಂಡವನು ಪಕ್ಷವನ್ನು ಬಿಡಬೇಕು. ಕದಲದೆ ಉಳಿಯುವ ಅವಕಾಶ ಯಾರಿಗೂ ಇರಲಿಲ್ಲ.

ಅದೇ ಜನ ಮತ್ತೆ ಬಂದು, ಎಲ್ಲರೂ ಪಕ್ಷಕ್ಕೇ ನಿಷ್ಠರಾಗಿದ್ದರೆ ತುರ್ವಿಹಾಳರು 213ರಿಂದ ಗೆಲ್ಲಬೇಕಿತ್ತು; ಎಲ್ಲರೂ ವ್ಯಕ್ತಿಗೇ ನಿಷ್ಠರಾಗಿದ್ದರೆ ಪ್ರತಾಪಗೌಡರು ಅಷ್ಟರಿಂದಲೇ ಗೆಲ್ಲಬೇಕಿತ್ತು. ತುರ್ವಿಹಾಳರು ಗೆದ್ದದ್ದು 30,000ಕ್ಕೂ ಹೆಚ್ಚು ಮತಗಳಿಂದ. ಯಾವ ಒಂದು ನಿಷ್ಠೆಯೂ ಇದನ್ನು ವಿವರಿಸುವುದಿಲ್ಲ. ಜನ ತಮ್ಮ ನಿಷ್ಠೆ ಯಾವುದಕ್ಕೆ ಎಂದು ಮತ್ತೊಮ್ಮೆ ಯೋಚಿಸಿದ್ದರು. ಹಾಗಾಗಿ ಇನ್ನೂ ನಿರ್ಧರಿಸದಿರುವುದನ್ನು ಚಂಚಲತೆ ಎನ್ನಲು ನನಗೆ ಮನಸ್ಸಿಲ್ಲ. ಅದು ತೀರ್ಪನ್ನು ಕೈಯಲ್ಲಿಟ್ಟುಕೊಂಡು ಕಾಯುವ ಕ್ರಮವೂ ಆಗಬಹುದು.

ಹಾಗೆ ಕಾಯುವವನ ಹತ್ತಿರ ಪಕ್ಷಗಳು ಎರಡು ದಾರಿಯಲ್ಲಿ ಬರುತ್ತವೆ: ಹಗಲು ವೇದಿಕೆಯ ಮೇಲಿನ ಭರವಸೆ, ರಾತ್ರಿ ಬಾಗಿಲಿಗೆ ಬರುವ ನೋಟು. ಎರಡೂ ಆಮಿಷವೇ ಎನ್ನುವವರಿದ್ದಾರೆ. ಕಾನೂನು ಹಾಗೆನ್ನುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ಲಂಚ ಭ್ರಷ್ಟ ಆಚರಣೆ. ಪ್ರಣಾಳಿಕೆಯ ಭರವಸೆ ಹಾಗಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ನೈತಿಕವಾಗಿ ನನಗೆ ನೆರವಾಗುವುದು ಕಾಂಟ್ 1795ರಲ್ಲಿ ಕೊಟ್ಟ ಒರೆಗಲ್ಲು: ಇತರರ ಹಕ್ಕಿಗೆ ತಾಗುವ ಯಾವ ಕೆಲಸದ ಉದ್ದೇಶವನ್ನು ಬಹಿರಂಗವಾಗಿ ಹೇಳಲಾಗದೋ ಅದು ಅನ್ಯಾಯ. ಕಾಲುವೆಯ ಭರವಸೆಯನ್ನು ಮೈಕಿನಲ್ಲಿ ಹೇಳಬಹುದು. ನೋಟಿನ ವಿಷಯ ಹೇಳಲಾಗದು.

ಗುಳೆ ಹೋಗಿ ಬದುಕುವ ಮನೆಯಾಕೆ ಆ ನೋಟು ತೆಗೆದುಕೊಂಡರೆ? ದುಡ್ಡು ಪಡೆದು ತನ್ನ ಮನಸ್ಸಿನಂತೆ ಮತ ಹಾಕಿದರೆ ಆಕೆ ಮಾತು ತಪ್ಪಿದಳು ಎನ್ನಲಾರೆ. ಆ ಮಾತು ಕೇಳುವ ಹಕ್ಕೇ ಕೊಟ್ಟವನಿಗೆ ಇರಲಿಲ್ಲ. ಆದರೆ ನಷ್ಟ ಆಕೆಯದೇ. ನಾಳೆ ಓಣಿಗೆ ನೀರು ಕೇಳಿದಾಗ ‘ಕೊಟ್ಟೇ ತಗೊಂಡೀವಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಕೊಂಡ ಮತದ ಲೆಕ್ಕ ಅಂದೇ ಚುಕ್ತಾ. ಒಲಿದ ಮತದ್ದು ಐದು ವರ್ಷದ ಬಾಕಿ.

ಅದೇ ಚುನಾವಣೆಯ ಹೊತ್ತಿಗೆ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತಿದ್ದರು. ತಮ್ಮನ್ನು ಯಾವುದು ಒಲಿಸಬಲ್ಲದು ಎಂಬುದನ್ನು ಅವರು ಬಯಲಲ್ಲಿ, ಎಲ್ಲ ಪಕ್ಷಗಳಿಗೂ ಕೇಳುವಂತೆ ಹೇಳಿದರು. ‘ನೋಡೋಣ’ ಎನ್ನುವ ನಾವು ಏನನ್ನು ನೋಡುತ್ತೇವೆ ಎಂಬುದನ್ನೂ ಹೀಗೆ ಮೊದಲೇ ಹೇಳಬೇಕು. ಗೆದ್ದವರು ಮರೆತರೆ ನೆನಪಿಸುವ ಹಕ್ಕು ಉಳಿಯುವುದು ಆಗಲೇ.