ಆರಿಸಿಕೊಂಡ ಊರು

ಷಿಕಾಗೋ ನಗರದಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ನನ್ನ ತಂಗಿ ಮತ್ತು ಅವಳ ಯಜಮಾನರು ಯಾವುದಾದರೊಂದು ಚಿಕ್ಕ ಊರಿಗೆ ಹೋಗಿ ನೆಲೆಸಬೇಕೆಂದು ಮನಸ್ಸು ಮಾಡಿದರು. ಮನೆಯಲ್ಲಿ ಕುಳಿತೇ ಉದ್ಯೋಗ ಮಾಡುವ ಸೌಕರ್ಯ ಈಗ ಬಂದಿದೆ. ಆದುದರಿಂದ ಊರು ಯಾವುದಾದರೂ ಆಗಬಹುದು. 'ಯಾವುದಾದರೂ ಆಗಬಹುದು' ಎಂಬ ಮಾತು ಕೇಳುವುದಕ್ಕೆ ಸುಖವಾಗಿದೆ, ಅನುಭವಿಸುವುದಕ್ಕೆ ಅಷ್ಟು ಸುಲಭವಲ್ಲ. ಹೆಣ್ಣಿಗೆ ಗಂಡು ನೋಡುವವರಂತೆ ಅವರು ಒಂದು ಪಟ್ಟಿಯನ್ನೇ ಮಾಡಿಕೊಂಡರು. ಒಳ್ಳೆಯ ಪುಸ್ತಕ ಭಂಡಾರವಿರಬೇಕು, ಆಸ್ಪತ್ರೆಯಿರಬೇಕು, ಮನೆಯ ಕ್ರಯ ಕೈಗೆಟುಕಬೇಕು, ಆಗಾಗ ಒಂದು ಸಂಗೀತ ಕಚೇರಿ, ಒಂದು ಉಪನ್ಯಾಸ ನಡೆಯುತ್ತಿರಬೇಕು. ಈ ಗುಣಗಳೆಲ್ಲ ಒಂದೆಡೆ ಸೇರುವುದು ಆ ದೇಶದ ನಡುಭಾಗದ ಕಾಲೇಜು ಊರುಗಳಲ್ಲಿ. ಓಹಾಯೋದ ಓಬರ್ಲಿನ್, ಮಿನೆಸೋಟದ ನಾರ್ತ್‌ಫೀಲ್ಡ್, ಅಯೋವಾದ ಗ್ರಿನೆಲ್, ಹೀಗೆ ಮೂರು ಊರುಗಳ ಜಾತಕ ನೋಡಿ, ಕೊನೆಗೆ ಗ್ರಿನೆಲ್ ಕೂಡಿಬಂದಿತು.

2024ರ ಬೇಸಿಗೆಯ ರಜೆಯಲ್ಲಿ ನಾನು ಅವರ ಮನೆಯಲ್ಲಿದ್ದೆ. ಊರು ತೋರಿಸುತ್ತೇವೆ ಬಾ ಎಂದು ನನ್ನನ್ನೂ ಕರೆದೊಯ್ದರು. ಕಾರಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಇಕ್ಕೆಲದಲ್ಲೂ ಆಗತಾನೆ ಮೆಕ್ಕೆಜೋಳ ಬಿತ್ತಿದ ಹೊಲಗಳು. ಕರಿಯ ಮಣ್ಣು, ಮಿಕ್ಕದ್ದೆಲ್ಲ ಆಕಾಶ. ಮಲೆನಾಡಿನಲ್ಲಿ ಹುಟ್ಟಿದ ನನ್ನ ಕಣ್ಣು ಆತುಕೊಳ್ಳಲು ಒಂದು ಗುಡ್ಡವನ್ನು ಹುಡುಕಿ ಹುಡುಕಿ ಸೋತಿತು.

ಊರಿನ ಜನಸಂಖ್ಯೆ ಒಂಬತ್ತೂವರೆ ಸಾವಿರ. ಕಾಲೇಜಿನ ವಿದ್ಯಾರ್ಥಿಗಳು ಸುಮಾರು 1,700. ಪೇಟೆಯೆಂದರೆ ನಾಲ್ಕಾರು ಬೀದಿ. ಅದರ ಒಂದು ಮೂಲೆಯಲ್ಲಿ ಲೂಯಿ ಸಲಿವನ್ ಕಟ್ಟಿದ 1914ರ ಬ್ಯಾಂಕು ನಿಂತಿದೆ. ಚೌಕನಾದ ಇಟ್ಟಿಗೆಯ ಪೆಟ್ಟಿಗೆ. ಬಾಗಿಲ ಮೇಲೆ ಮಾತ್ರ ದೊಡ್ಡದೊಂದು ದುಂಡು ಕಿಟಕಿ, ಅದರ ಸುತ್ತ ಕಿಕ್ಕಿರಿದ ಕುಸುರಿಯ ಕೆಲಸ. ಸಾದಾ ಸೀರೆಗೆ ವಜ್ರದ ಪದಕ ತೊಡಿಸಿದಂತೆ. ಷಿಕಾಗೋದಲ್ಲಿ ಗಗನಚುಂಬಿಗಳನ್ನು ಕಟ್ಟಿ ಹೆಸರಾಗಿದ್ದ ಸಲಿವನ್ ಇಳಿವಯಸ್ಸಿನಲ್ಲಿ ದೊಡ್ಡ ಕೆಲಸಗಳು ಸಿಗದೆ ಇಂಥ ಸಣ್ಣ ಊರುಗಳ ಬ್ಯಾಂಕುಗಳನ್ನು ಕಟ್ಟಿಕೊಟ್ಟ. ಈ ಊರನ್ನು ಅವನು ಆರಿಸಿಕೊಂಡನೆನ್ನುವುದಕ್ಕಿಂತ ನಗರವು ಅವನನ್ನು ಬಿಟ್ಟಿತೆನ್ನುವುದೇ ಸರಿ. ಆದರೂ ಕೈಯಲ್ಲಿದ್ದುದನ್ನು ಅವನು ಬಚ್ಚಿಟ್ಟುಕೊಳ್ಳಲಿಲ್ಲ.

ನನ್ನ ತಂಗಿ ಎದುರು ಬದಿಯಲ್ಲಿ ನಿಂತು, "ಅಣ್ಣಾ, ದಿನಾ ಬೆಳಿಗ್ಗೆ ಇದನ್ನು ನೋಡಿಕೊಂಡು ಹಾಲು ತರುವುದಕ್ಕೆ ಹೋಗಬಹುದಲ್ಲ!" ಎಂದಳು. ಅವಳ ಮುಖದಲ್ಲಿದ್ದ ಹಿಗ್ಗನ್ನು ಕಂಡು ನಾನು ಆಗ ಮಾತಾಡಲಿಲ್ಲ. ಆದರೆ ಹೊರಡುವ ಮುನ್ನ ನಮ್ಮ ತಾಯಿ ಕೇಳಿದ್ದ ಪ್ರಶ್ನೆ ಒಳಗೆ ಕುಟುಕುತ್ತಿತ್ತು: "ಆ ಊರಿನಲ್ಲಿ ಅವಳಿಗೆ ಯಾರಿದ್ದಾರೆ?"

ರಾತ್ರಿ ಊಟದ ವೇಳೆಗೆ ಅದನ್ನು ಎತ್ತಿದೆ. "ಭಾವ, ಮನೆ ಬದಲಾಯಿಸುವುದರಲ್ಲಿ ಧರ್ಮ-ಅಧರ್ಮದ ಮಾತು ಎಲ್ಲಿ ಬಂತು? ಯಾರ ಗಂಟನ್ನೂ ನಾವು ಕದಿಯುತ್ತಿಲ್ಲ" ಎಂದರು ತಂಗಿಯ ಯಜಮಾನರು. ನಿಜ, ಕದಿಯುತ್ತಿಲ್ಲ. ಆದರೆ ಅವರ ಪಟ್ಟಿಯಲ್ಲಿದ್ದ ಒಂದೊಂದು ಗುಣವನ್ನೂ ಯಾರೋ ಕೂಡಿಟ್ಟಿದ್ದರು. 1854ರಲ್ಲಿ ಜೊಸಾಯ ಗ್ರಿನೆಲ್ ಎಂಬ ಪಾದ್ರಿ ಬರಿಯ ಹುಲ್ಲುಗಾವಲಿನಲ್ಲಿ ಈ ಊರಿಗೆ ಗೆರೆ ಎಳೆದ. ಅವನೂ ಆರಿಸಿಕೊಂಡೇ ಬಂದವನು. ಮುಂದೆ ರೈಲು ಹಾಯುವ ಜಾಗವೆಂದು ಲೆಕ್ಕ ಹಾಕಿಯೇ ಬಂದವನು. ಆದರೆ ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದ ಅವನು, 1859ರಲ್ಲಿ ಜಾನ್ ಬ್ರೌನ್ ಸೆರೆಯಿಂದ ಬಿಡಿಸಿ ಕರೆತಂದ ನೀಗ್ರೋ ಕುಟುಂಬಗಳು ಬಂದಾಗ ಬಾಗಿಲು ತೆರೆದ. ತಪ್ಪಿಸಿಕೊಂಡ ಗುಲಾಮರಿಗೆ ಆಶ್ರಯ ಕೊಡುವುದು ಆಗಿನ ಕಾಯಿದೆಯಲ್ಲಿ ಅಪರಾಧವಾಗಿತ್ತು.

1882ರ ಜೂನ್ 17ರ ರಾತ್ರಿ ಒಂದು ಸುಂಟರಗಾಳಿ ಊರನ್ನು ಹೊಡೆಯಿತು. ಹಲವಾರು ಜನ ಸತ್ತರು. ಕಾಲೇಜಿನ ಕಟ್ಟಡಗಳು ನೆಲಕ್ಕುರುಳಿದವು. ಮಾರನೆಯ ಬೆಳಿಗ್ಗೆ ನನ್ನ ತಂಗಿಯ ಪಟ್ಟಿಯನ್ನು ಹಿಡಿದು ಯಾರಾದರೂ ಆ ಊರಿಗೆ ಬಂದಿದ್ದರೆ ಎಷ್ಟು ಅಂಕ ಕೊಡುತ್ತಿದ್ದರು? ಪುಸ್ತಕ ಭಂಡಾರಕ್ಕೆ ಸೊನ್ನೆ, ಸಂಗೀತಕ್ಕೆ ಸೊನ್ನೆ. ಅಂಕ ಹಾಕದೆ ಇಟ್ಟಿಗೆ ಹೊತ್ತವರು ಅಲ್ಲಿದ್ದರು. ಆದುದರಿಂದ ಇಂದು ಪಟ್ಟಿ ಮಾಡುವವರಿಗೆ ಒಂದು ಊರು ಉಳಿದಿದೆ. 2020ರ ಆಗಸ್ಟ್ 10ರಂದು ಮತ್ತೊಮ್ಮೆ ಬಿರುಗಾಳಿ ಬೀಸಿ ಮರಗಳು ಉರುಳಿ, ದಿನಗಟ್ಟಲೆ ವಿದ್ಯುತ್ತಿಲ್ಲದೆ ಊರು ಕತ್ತಲಾಗಿತ್ತು. ಗುಣಗಳಿಗಾಗಿ ಊರನ್ನು ಆರಿಸಿಕೊಂಡವನು ಗುಣಗಳು ಹೋದ ದಿನ ಏನು ಮಾಡುತ್ತಾನೆ? ನನ್ನ ಶಂಕೆ ಇಷ್ಟೇ. ಓಹಾಯೋದ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಊರಿನ ಆಂಟಿಯೋಕ್ ಕಾಲೇಜು 2008ರಲ್ಲಿ ಬಾಗಿಲು ಮುಚ್ಚಿ, ಹಳೆಯ ವಿದ್ಯಾರ್ಥಿಗಳ ಪಟ್ಟಿನಿಂದ 2011ರಲ್ಲಿ ಮತ್ತೆ ತೆರೆಯಿತು. ನಡುವಿನ ಮೂರು ವರ್ಷ ಅದು ಯಾವ ಊರು?

ಇನ್ನೊಂದು ಬಗೆಯ ಆಯ್ಕೆಯೂ ಆ ನೆಲದಲ್ಲಿ ನಡೆದಿದೆ. ಗ್ರಿನೆಲ್ಲಿನಿಂದ ಅರ್ಧ ಮುಕ್ಕಾಲು ಗಂಟೆ ಉತ್ತರಕ್ಕೆ ಮೆಸ್ಕ್ವಾಕಿ ಜನರ ನೆಲೆಯಿದೆ. 1842ರ ಒಪ್ಪಂದದಿಂದ ಅವರ ಭೂಮಿ ಸರ್ಕಾರಕ್ಕೆ ಹೋಗಿ, ಅವರನ್ನು ಕಾನ್ಸಾಸಿಗೆ ಸಾಗಿಸಿದರು. ಅವರಲ್ಲಿ ಕೆಲವರು ಹಿಂತಿರುಗಿ ಬಂದರು. 1857ರಲ್ಲಿ ತಾವೇ ಹಣ ಕೂಡಿಸಿ, ತಮ್ಮದೇ ಆಗಿದ್ದ ನೆಲದಲ್ಲಿ 80 ಎಕರೆಯನ್ನು ಕ್ರಯಕ್ಕೆ ಕೊಂಡರು. ತನ್ನ ಮನೆಯನ್ನು ತಾನೇ ದುಡ್ಡು ಕೊಟ್ಟು ಕೊಳ್ಳುವವನ ಕೈಯಲ್ಲಿ ಯಾವ ಪಟ್ಟಿಯಿದ್ದೀತು?

ಇಷ್ಟನ್ನೆಲ್ಲ ಹೇಳಿ ನಾನು ದೊಡ್ಡ ಧರ್ಮಜ್ಞನಂತೆ ನೀರು ಕುಡಿದೆ. ತಂಗಿ ಮೆಲ್ಲಗೆ, "ನೀನು ಮೈಸೂರನ್ನು ಹೇಗೆ ಆರಿಸಿಕೊಂಡೆ, ಅಣ್ಣಾ?" ಎಂದಳು.

ಉತ್ತರವಿರಲಿಲ್ಲ. ಎಂ.ಎ. ಓದಲು ಬಂದವನು ಅಲ್ಲೇ ಉಳಿದೆ. ಏಕೆ? ಒಳ್ಳೆಯ ಪುಸ್ತಕ ಭಂಡಾರ, ಮಕ್ಕಳಿಗೆ ಶಾಲೆ, ಸಂಜೆಗೊಂದು ಕಚೇರಿ. ನಮ್ಮೂರಿನ ಹತ್ತಿರದ ಪಟ್ಟಣದಲ್ಲೂ ಕಾಲೇಜಿತ್ತು. ನಾನು ಅರ್ಜಿ ಹಾಕಲಿಲ್ಲ. ತಾಯಿ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ, ಕರೆದರೆ ಬರುವುದಿಲ್ಲ. ನಾನು ಅವಳಿಂದ ಒಂದು ರಾತ್ರಿಯ ಬಸ್ಸಿನಷ್ಟು ದೂರ, ತಂಗಿ ಎರಡು ದಿನದ ವಿಮಾನದಷ್ಟು. ಈ ವ್ಯತ್ಯಾಸವನ್ನು ನಾನು ಬಹುಕಾಲದಿಂದ ನನ್ನ ಸದ್ಗುಣವೆಂದು ಎಣಿಸಿಕೊಂಡಿದ್ದೆ.

ಹಾಗೆಂದು ಹುಟ್ಟಿದೂರನ್ನು ಅಂಟಿಕೊಂಡಿರುವುದೇ ದೊಡ್ಡದೆಂದು ನಾನು ಹೇಳಲಾರೆ. ಯಾವ ಕೇರಿಯಲ್ಲಿ ಇರಬೇಕು, ಯಾವ ಬಾವಿಯ ನೀರು ಸೇದಬೇಕು ಎಂಬುದನ್ನು ಹುಟ್ಟುವ ಮೊದಲೇ ಗೊತ್ತುಮಾಡಿದ್ದ ಊರುಗಳು ನಮ್ಮವು. ಅಂಥ ಊರನ್ನು ಬಿಟ್ಟು ಬೇರೊಂದನ್ನು ಆರಿಸಿಕೊಂಡವನಿಗೆ ಆರಿಸುವುದೇ ಬಿಡುಗಡೆ. ಬೇರಿನ ಮಹಿಮೆಯನ್ನು ಹಾಡುವವರು ಸಾಮಾನ್ಯವಾಗಿ ಒಳ್ಳೆಯ ಮಣ್ಣು ಸಿಕ್ಕಿದವರು.

ಅವರು ಮನೆ ಕೊಂಡರು. ನಾನು ಹಿಂತಿರುಗಿ, ಹಳ್ಳಿಗೆ ಹೋಗಿ, ತಾಯಿಗೆ ಚಿತ್ರಗಳನ್ನು ತೋರಿಸಿದೆ. ಅವಳು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದಳು.

"ಹೊಳೆ ಎಲ್ಲಿದೆ?"

"ಹೊಳೆಯಿಲ್ಲಮ್ಮ. ರೈಲು ಬರುತ್ತದೆಂದು ಆ ಜಾಗ ಹಿಡಿದರಂತೆ."

"ಹಾಗಾದರೆ ಮನೆ ಬಾಗಿಲಿಗೆ ರೈಲಿದೆ ಅನ್ನು."

"ಈಗ ಜನರ ರೈಲಿಲ್ಲ. ಗೂಡ್ಸ್ ಮಾತ್ರ ಓಡುತ್ತದೆ."

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮನೆಯ ಚಿತ್ರವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು, ಅಂಚಿನಲ್ಲಿ ಅರ್ಧ ಕಾಣುತ್ತಿದ್ದ ಬಿಳಿಯ ಮನೆಯ ಮೇಲೆ ಬೆರಳಿಟ್ಟು, "ಈ ಪಕ್ಕದ ಮನೆಯವರ ಹೆಸರೇನಂತೆ?" ಎಂದಳು.

ನನಗೆ ತಿಳಿದಿರಲಿಲ್ಲ. ಆ ರಾತ್ರಿಯೇ ತಂಗಿಗೆ ಫೋನು ಮಾಡಿ ಕೇಳಿದೆ. ಅವಳಿಗೂ ತಿಳಿದಿರಲಿಲ್ಲ. ನಾಳೆ ಹೋಗಿ ಮಾತಾಡಿಸಿಕೊಂಡು ಬಂದು ಹೇಳುತ್ತೇನೆ ಎಂದಳು.