ತೀರ್ಪಿಗೂ ಶಾಸನಕ್ಕೂ ನಡುವಿನ ಜಾಗ

ಯಾರ ಬಳಿಯೂ ಓಟು ಕೇಳದ ನ್ಯಾಯಾಧೀಶರು, ಜನ ಆರಿಸಿ ಕಳಿಸಿದ ಶಾಸನಸಭೆಯ ಕಾನೂನನ್ನು ಹೊಡೆದುಹಾಕಬಹುದೇ? ಅಮೆರಿಕದ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಬಿಕೆಲ್ 1962ರಲ್ಲಿ ಈ ಪೇಚಿಗೆ ಒಂದು ಹೆಸರಿಟ್ಟರು. ‘ಬಹುಮತ ವಿರೋಧದ ತೊಡಕು’ ಎಂದು ಕನ್ನಡದಲ್ಲಿ ಹೇಳಬಹುದು. ಅಲ್ಲಿನ ಗರ್ಭಪಾತದ ಜಗಳವೂ ಇದರ ಸುತ್ತಲೇ. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರೋ ತೀರ್ಪಿನಲ್ಲಿ ಗರ್ಭಪಾತವನ್ನು ಹಕ್ಕೆಂದಿತು. 2022ರಲ್ಲಿ ಅದೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ, ಜನಪ್ರತಿನಿಧಿಗಳೇ ತೀರ್ಮಾನಿಸಲಿ ಎಂದಿತು.

ಕೋರ್ಟೋ, ಜನವೋ? ಐರ್ಲೆಂಡಿನ ಕಥೆ ಓದಿದ ಮೇಲೆ ನನಗೆ ಈ ಪ್ರಶ್ನೆಯೇ ಅರೆಬರೆ ಅನಿಸಿದೆ.

ಅಲ್ಲಿ ಮೊದಲು ಮಾತಾಡಿದ್ದು ಜನರೇ. 1983ರ ಜನಮತಗಣನೆಯಲ್ಲಿ, ಭ್ರೂಣಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಎಂಬುದನ್ನು ಸಂವಿಧಾನಕ್ಕೆ ಸೇರಿಸಿದರು. ಸಮಾನ ಎಂದು ಬರೆದದ್ದಾಯಿತು. ಎರಡರಲ್ಲಿ ಒಂದು ಹೋಗಲೇಬೇಕಾದ ಹೊತ್ತಿಗೆ ತಕ್ಕಡಿ ಹಿಡಿಯುವವರು ಯಾರು? 1992ರಲ್ಲಿ, ಅತ್ಯಾಚಾರದಿಂದ ಬಸುರಾಗಿ ಸಾಯುವ ಮಾತಾಡುತ್ತಿದ್ದ 14ರ ಹುಡುಗಿಯೊಬ್ಬಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದು ಕೋರ್ಟ್ ಹೇಳಿತು. ಎಷ್ಟು ಅಪಾಯ, ಅಳೆಯುವವರು ಯಾರು ಎಂಬುದನ್ನು ಶಾಸನ ಬಿಡಿಸಿ ಹೇಳಬೇಕಿತ್ತು. ಸರ್ಕಾರಗಳು ಬಂದವು, ಹೋದವು. ಆ ಶಾಸನವನ್ನು ಯಾವುದೂ ತರಲಿಲ್ಲ. ತೀರ್ಪು ಹೇಗೂ ಇದೆಯಲ್ಲ!

ತೀರ್ಪಿಗೂ ಶಾಸನಕ್ಕೂ ನಡುವೆ ಇಪ್ಪತ್ತು ವರ್ಷ ಖಾಲಿ ಬಿದ್ದಿದ್ದ ಆ ಜಾಗದಲ್ಲಿ 2012ರ ಅಕ್ಟೋಬರಿನಲ್ಲಿ ಸಿಲುಕಿದ್ದು ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ. ವಯಸ್ಸು 31, ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಎಂದು ಗಾಲ್ವೇ ನಗರದ ಆಸ್ಪತ್ರೆಯಲ್ಲೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿದೆ, ನಿಮ್ಮ ಜೀವಕ್ಕೆ ಅಪಾಯ ಕಾಣುತ್ತಿಲ್ಲ, ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಸಿಕ್ಕಿತು. ಅಪಾಯ ಕಂಡಾಗ ನಂಜು ರಕ್ತಕ್ಕೇರಿಬಿಟ್ಟಿತ್ತು. 28ರಂದು ತೀರಿಕೊಂಡರು. ಚಿಕಿತ್ಸೆಯಲ್ಲೂ ಲೋಪಗಳಿದ್ದವೆಂದು ತನಿಖೆ ಹೇಳಿದ್ದರಿಂದ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವಂತಿಲ್ಲ. ಆದರೆ ಕೋರ್ಟೂ ಸಂಸತ್ತೂ ಬಿಡಿಸದ ಲೆಕ್ಕವನ್ನು ಹಾಸಿಗೆಯ ಪಕ್ಕ ನಿಂತ ಡಾಕ್ಟರು ಬಿಡಿಸಬೇಕಾಗಿತ್ತು.

ಮರುವರ್ಷವೇ ಶಾಸನ ಬಂತು. 2018ರ ಮೇ ತಿಂಗಳಲ್ಲಿ ಜನ 1983ರಲ್ಲಿ ಸೇರಿಸಿದ್ದ ಆ ವಿಧಿಯನ್ನೇ ಕಿತ್ತುಹಾಕಿದರು. ಸೇರಿಸುವಾಗ ಶೇ. 66.9 ಮತ, ತೆಗೆಯುವಾಗ ಶೇ. 66.4. ಬಿಕೆಲ್ ಅವರ ತೊಡಕಿಗೆ ಇಲ್ಲಿ ಇನ್ನೊಂದು ಗಂಟು ಬೀಳುತ್ತದೆ: ನ್ಯಾಯಾಧೀಶರು ತಲೆಬಾಗಬೇಕಾದ ಬಹುಮತ ಯಾವ ವರ್ಷದ್ದು?

2018ರ ಮತದಾನದ ದಿನಗಳಲ್ಲಿ ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾ ಅವರ ಮುಖ ಬಿಡಿಸಿದ್ದರು. ಓಟು ಹಾಕಿ ಬಂದವರು ಕ್ಷಮೆ ಕೇಳಿ ಚೀಟಿ ಅಂಟಿಸುತ್ತಿದ್ದರು.